ನಮ್ಮ ಬಾವಿಯಿಂದ ನಡುಗಿದ ಭೂಮಿ

ನಾನು ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಭೂಮಿ ನಡುಗಿತು. ಬೈಸಿಕೊಂಡವನು ನಮ್ಮಪ್ಪ. ಇದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಮೈ ಉರಿಯುತ್ತದೆ. ಉರಿ ಆರುವ ಮೊದಲೇ ಬರೆದುಬಿಡುತ್ತೇನೆ. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಒತ್ತು, ದೀರ್ಘ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ. ಮಾತನ್ನು ಮಾತ್ರ ತಿದ್ದುವುದು ಬೇಡ.

ಆಗ ನಮ್ಮ ಮನೆ ಇದ್ದದ್ದು ಶಿವಮೊಗ್ಗದ ರಾಗಿಗುಡ್ಡದ ಬುಡದಲ್ಲಿ. ಈಗ ಅಲ್ಲಿ ಸಾಲು ಮನೆ, ಅಂಗಡಿ, ಆಟೋ ಸ್ಟ್ಯಾಂಡು ಎಲ್ಲ ಇದೆ. ಆಗ ಗುಡ್ಡ ಇತ್ತು, ಗುಡ್ಡದ ಕೆಳಗೆ ಹೊಲ ಇತ್ತು, ಹೊಲದ ಅಂಚಿಗೆ ನಮ್ಮಂಥ ಕೂಲಿ ಜನರ ಒಂದೇ ಒಂದು ಬೀದಿ ಇತ್ತು. ಬೀದಿಯ ತುದಿಗೆ ದೊಡ್ಡಮನೆ. ಹೊಲವೆಲ್ಲ ಆ ಮನೆಯದು. ಆ ಮನೆಯ ಹಿರಿಯರನ್ನು ನಾವು ಯಜಮಾನರು ಎನ್ನುತ್ತಿದ್ದೆವು. ಅವರು ಬೀದಿಯಲ್ಲಿ ಬಂದರೆ ಕೂತವರು ಏಳಬೇಕು. ಯಾಕೆ ಏಳಬೇಕು ಎಂದು ಕೇಳಿದರೆ ಅವ್ವ ನನ್ನ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು.

ಹತ್ತಿರದಲ್ಲಿ ಇದ್ದ ಬಾವಿ ದೊಡ್ಡಮನೆಯ ಹಿತ್ತಲಿನದು ಒಂದೇ. ಅದರ ಹಗ್ಗವನ್ನು ನಾವು ಮುಟ್ಟುವಂತಿರಲಿಲ್ಲ. ಕೊಡವನ್ನು ದೂರದಲ್ಲಿಟ್ಟು ಕಾಯಬೇಕು. ಅವರ ಮನೆಯವರಿಗೆ ಮನಸ್ಸು ಬಂದಾಗ ಸೇದಿ, ಮೇಲಿನಿಂದ ಸುರಿಯುತ್ತಿದ್ದರು. ಧರ್ಮಕ್ಕೆ ಸುರಿಯುತ್ತಿದ್ದರೇ? ಇಲ್ಲ. ನೀರು ಬೇಕಾದ ಮನೆಯ ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ಅವರ ಕೊಟ್ಟಿಗೆ ಗುಡಿಸಬೇಕು, ಸಗಣಿ ಬಾಚಿ ತಿಪ್ಪೆಗೆ ಹಾಕಬೇಕು. ಕೂಲಿ ಇಲ್ಲ. ಕೇಳಿದರೆ, ‘ನೀರು ಕೊಡ್ತೀವಲ್ಲ’ ಎನ್ನುತ್ತಿದ್ದರು. ಮಳೆ ಸುರಿಸಿದವರೂ ತಾವೇ ಎನ್ನುವ ಹಾಗೆ.

ನಮ್ಮ ಮನೆಯಿಂದ ಕೊಟ್ಟಿಗೆಗೆ ಹೋಗುತ್ತಿದ್ದವಳು ಅಕ್ಕ. ಅವಳ ಕೈ ಯಾವಾಗಲೂ ಸಗಣಿ ನಾರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಅವಳು ತುತ್ತು ಕೊಟ್ಟರೆ ನಾನು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅವಳು ತಲೆಗೆ ಮೊಟಕುತ್ತಿದ್ದಳು. ಇಬ್ಬರದೂ ತಪ್ಪಿಲ್ಲ.

ಇಷ್ಟಕ್ಕೂ ನಮ್ಮಪ್ಪನ ಕೆಲಸ ಏನು ಗೊತ್ತೇ? ಬಾವಿ ತೋಡುವುದು. ಊರೂರಿಗೆ ಹೋಗಿ ಬೇರೆಯವರಿಗೆ ತೋಡಿಕೊಟ್ಟು ಬರುತ್ತಿದ್ದ. ಮನೆಯಲ್ಲಿ ನೀರಿಲ್ಲ. ಆ ವರ್ಷ ಅವ್ವ ಬಸುರಿ. ಬಾಣಂತನಕ್ಕೆ ನೀರು ಬೇಕಲ್ಲ ಎಂದು ಅಕ್ಕ ದಿನಾ ಅಪ್ಪನ ಕಿವಿ ತಿಂದಳು. ಕೊನೆಗೆ ಅಪ್ಪ ನಮ್ಮ ಗುಡಿಸಲಿನ ಹಿಂದೆಯೇ ಹಾರೆ ಹಾಕಿದ. ಹೊರಗಿನ ಕೂಲಿ ಮುಗಿಸಿ ಬಂದು ತೋಡುತ್ತಿದ್ದ. ಅಕ್ಕ ಮಣ್ಣು ತುಂಬಿದ ಪುಟ್ಟಿಯನ್ನು ಹಗ್ಗದಿಂದ ಮೇಲೆಳೆಯುತ್ತಿದ್ದಳು. ನಾನು ಮಣ್ಣು ಚೆಲ್ಲಿ ಬರುತ್ತಿದ್ದೆ. ಕೆಮ್ಮಣ್ಣು. ನಮ್ಮ ಲಂಗ, ಕಾಲು, ಉಗುರು ಎಲ್ಲ ಕುಂಕುಮ ಮೆತ್ತಿದ ಹಾಗೆ. ಒಂದು ದಿನ ಕೆಳಗಿನಿಂದ ಅಪ್ಪ, ‘ತಣ್ಣಗಾಯ್ತು ಕಣ್ರೇ, ಕಾಲು ತಣ್ಣಗಾಯ್ತು!’ ಎಂದು ಕೂಗಿದ. ಸೆಲೆ ಸಿಕ್ಕಿತ್ತು. ಅವ್ವ ಅರಿಸಿನ ಕುಂಕುಮ ಇಟ್ಟು ಗಂಗೆಪೂಜೆ ಮಾಡಿದಳು. ಬೀದಿಯವರೆಲ್ಲ ಬಂದು ಬೊಗಸೆಯಲ್ಲಿ ಕುಡಿದು, ‘ಎಳನೀರು ಇದ್ದಂಗಿದೆ ಮಾರಾಯ್ತಿ’ ಎಂದರು. ದೊಡ್ಡಮನೆಯವರು ಮಾತ್ರ ಬರಲಿಲ್ಲ. ಮಾರನೆಯ ದಿನದಿಂದ ಅಕ್ಕ ಕೊಟ್ಟಿಗೆಗೆ ಹೋಗಲಿಲ್ಲ. ಬೀದಿಯ ಇನ್ನೊಂದೆರಡು ಮನೆಯ ಹೆಣ್ಣುಮಕ್ಕಳೂ ಹೋಗುವುದು ಬಿಟ್ಟರು. ಈ ಮಾತು ನೆನಪಿಟ್ಟುಕೊಳ್ಳಿ.

ಭೂಮಿ ನಡುಗಿದ ದಿನ ಅಪ್ಪ ಬಾವಿಯ ಒಳಗೇ ಇದ್ದ. ಬೆಳಿಗ್ಗೆ ಇಳಿದು ತಳದ ಕೆಸರು ಎತ್ತುತ್ತಿದ್ದ. ಅಕ್ಕ ಬಾವಿಯ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ನಾನು ಅಡುಗೆ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದೆ. ಮೊದಲು ಕೋಳಿಗಳು ಬಾಯಿ ಮುಚ್ಚಿದವು. ಆಮೇಲೆ ನೆಲದ ಅಡಿಯಲ್ಲಿ ಗೂಡ್ಸ್ ರೈಲು ಹೋದ ಹಾಗೆ ಸದ್ದು. ರೈಲು ನಮ್ಮ ಬೀದಿಗೆ ಬರುವುದಿಲ್ಲ, ನೆಲದಡಿಗಂತೂ ಬರುವುದಿಲ್ಲ. ತಲೆ ಎತ್ತಿದೆ. ಸೂರಿನಿಂದ ಮಜ್ಜಿಗೆ ಗಡಿಗೆ ತೂಗಿಹಾಕಿದ್ದ ನೆಲುವು ಗಾಳಿ ಇಲ್ಲದೆ ತೂಗುತ್ತಿತ್ತು, ಯಾರೋ ತೊಟ್ಟಿಲು ತೂಗಿದ ಹಾಗೆ. ಪಾತ್ರೆಗಳು ಒಂದಕ್ಕೊಂದು ತಾಗಿ ಗಣಗಣ ಎಂದವು. ಒಂದು ಹೆಂಚು ಜಾರಿ ಅಂಗಳಕ್ಕೆ ಬಿತ್ತು. ಅವ್ವ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಎಲ್ಲ ನಿಂತಿತು.

ಹಿತ್ತಲಿನಿಂದ ಅಕ್ಕನ ಕೂಗು ಕೇಳಿತು. ‘ಅಪ್ಪಾ! ಅಪ್ಪಾ!’

ಓಡಿದೆ. ಬಾವಿಯ ಪಕ್ಕೆಯಿಂದ ಸಣ್ಣ ಕಲ್ಲು, ಮಣ್ಣು ಇನ್ನೂ ಉದುರುತ್ತಿತ್ತು. ಕೆಳಗೆ ಏನೂ ಕಾಣುತ್ತಿರಲಿಲ್ಲ, ಧೂಳು. ನಾನು ರೊಟ್ಟಿ ಬಿಸಾಕಿ ಅಕ್ಕನ ಜೊತೆ ಹಗ್ಗ ಹಿಡಿದೆ. ಆಮೇಲೆ ಹಗ್ಗ ಬಿಗಿಯಾಯಿತು. ಅಪ್ಪ ಮೇಲೆ ಬಂದ. ಹುಬ್ಬಿನ ಹತ್ತಿರ ಗೀರಿ ರಕ್ತ ಸುರಿಯುತ್ತಿತ್ತು. ಕಟ್ಟೆಯ ಮೇಲೆ ಕೂತು, ‘ಏನಾಯ್ತೇ? ಗುಡ್ಡ ಏನಾದ್ರೂ ಬಿತ್ತಾ?’ ಎಂದ. ಅಕ್ಕ ಅವನ ಬೆನ್ನಿಗೆ ಎರಡು ಗುದ್ದಿ ಅತ್ತಳು.

ಬೀದಿಯವರೆಲ್ಲ ಹೊರಗೆ ಬಂದಿದ್ದರು. ಯಾರಿಗೂ ಏನಾಗಿತ್ತು ಎಂದು ಗೊತ್ತಿಲ್ಲ. ನೀರಿಗೆ ಎಂದು ದೊಡ್ಡಮನೆಗೆ ಹೋದ ಹೆಂಗಸರು ಖಾಲಿ ಕೊಡ ಹೊತ್ತು ಹಿಂದೆ ಬಂದರು. ಭೂಮಿ ನಡುಗಿದ ದಿನ ನೀರು ಸೇದಬಾರದಂತೆ, ನಾಳೆ ಬನ್ನಿ ಎಂದು ಹಿತ್ತಲ ಬಾಗಿಲು ಹಾಕಿಕೊಂಡರಂತೆ. ಅಂಥ ಶಾಸ್ತ್ರ ಅದುವರೆಗೆ ಯಾರೂ ಕೇಳಿರಲಿಲ್ಲ. ಆದರೂ ದೊಡ್ಡವರು ಹೇಳಿದ್ದು, ಇರಬಹುದು ಎಂದುಕೊಂಡರು.

ಅಷ್ಟರಲ್ಲಿ ಯಜಮಾನರೇ ಬಂದರು. ಹಿಂದೆ ನಾಲ್ಕಾರು ಜನ. ನೇರ ನಮ್ಮ ಬಾವಿಗೆ ಬಂದು ಬಗ್ಗಿ ನೋಡಿದರು. ಹಿಂದಿನ ದಿನದವರೆಗೂ ತಿಳಿಯಾಗಿದ್ದ ನೀರು ಕದಡಿ ಕೆಂಪಗಾಗಿತ್ತು.

‘ಏನೋ, ಎಷ್ಟು ಆಳ ತೋಡಿದೀಯ ನೀನು?’ ಎಂದು ಅಪ್ಪನನ್ನು ಕೇಳಿದರು.

‘ನೀರು ಬರೋವರ್ಗೂ ಅಯ್ಯ.’

‘ನೀರು ಬಂದ್ಮೇಲೂ ತೋಡ್ದೆ. ಕೆಳಗೆ ಭೂಮಿ ಹೊತ್ಕಂಡು ಆದಿಶೇಷ ಮಲಗಿರ್ತಾನೆ ಅನ್ನೋದು ಗೊತ್ತಿಲ್ವೇನೋ? ಅವನ ಮೈಗೆ ಹಾರೆ ತಾಗಿಸಿದೀಯ. ಅವನು ಮೈ ಕೊಡವಿದಾನೆ. ನೋಡ್ರೋ ಎಲ್ಲರೂ, ರಕ್ತ!’

ರಕ್ತವಂತೆ! ಕೆಮ್ಮಣ್ಣಿನ ಊರಿನಲ್ಲಿ ಹುಟ್ಟಿದ ಜನ, ಮಳೆಗಾಲದಲ್ಲಿ ಕೆಂಪು ನೀರಿನಲ್ಲೇ ಕಾಲು ತೊಳೆದ ಜನ, ಸಾಲಾಗಿ ಬಂದು ಬಗ್ಗಿ ನೋಡಿ ಕೆನ್ನೆ ಬಡಿದುಕೊಂಡರು. ರಕ್ತ ನಿಜವಾಗಿ ಸುರಿಯುತ್ತಿದ್ದದ್ದು ಅಪ್ಪನ ಹುಬ್ಬಿನಿಂದ. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಾನು ಸಣ್ಣವಳು, ಬಾಯಿ ಮಾತ್ರ ದೊಡ್ಡದು. ‘ನಿಮ್ ಬಾವಿ ಇನ್ನೂ ಆಳ ಇದೆ ಅಲ್ವಾ ಅಯ್ಯ? ನಿಮ್ ಹಗ್ಗ ಎಷ್ಟು ಉದ್ದ!’ ಎಂದೆ.

ಅಪ್ಪ ನನ್ನ ತೋಳು ಚಿವುಟಿದ. ಯಜಮಾನರು ನನ್ನ ಕಡೆ ನೋಡಲೂ ಇಲ್ಲ. ಜನರ ಕಡೆ ತಿರುಗಿ, ‘ನಮ್ದು ಹಿರಿಯರ ಕಾಲದ್ದು. ಶೇಷನಿಗೆ ಅಭ್ಯಾಸ ಆಗಿದೆ’ ಎಂದರು. ಎಲ್ಲರೂ ಹೌದು ಹೌದು ಎಂದರು. ಹಾವಿಗೆ ಅಭ್ಯಾಸ ಆಗಿದೆಯಂತೆ! ಇದಕ್ಕಿಂತ ಸೊಗಸಾದ ಸುಳ್ಳನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಬಾವಿ ಮುಚ್ಚಬೇಕು ಎಂದು ತೀರ್ಮಾನವಾಯಿತು. ‘ನೀನೇ ತೋಡಿದ್ದು, ಮೊದಲ ಪುಟ್ಟಿ ನೀನೇ ಹಾಕು’ ಎಂದರು. ಅಪ್ಪ ಹಾಕಿದ. ನಮ್ಮಪ್ಪ ಮೆತ್ತಗಿನ ಮನುಷ್ಯ. ಅದನ್ನು ಊರೆಲ್ಲ ಒಳ್ಳೆಯ ಗುಣ ಎಂದು ಹೊಗಳುತ್ತಿತ್ತು. ನನಗೆ ಆಗಲೂ ಸಿಟ್ಟು ಬಂತು, ಈಗಲೂ ಬರುತ್ತದೆ. ಆದರೆ ಬಾವಿಯ ಕೆಲಸ ಇಲ್ಲದಾಗ ಅವನು ಮಾಡುತ್ತಿದ್ದ ಕೂಲಿ ಆ ಹೊಲದ್ದು, ಗುಡಿಸಲಿಗೆ ಹೊದಿಸಿದ ಹೆಂಚು ಆ ಮನೆಯವರು ಕೊಟ್ಟಿದ್ದ ಹಳೆಯ ಹೆಂಚು. ಬಗ್ಗಿದ ಬೆನ್ನನ್ನು ಬೈಯುವುದು ಸುಲಭ. ಅದರ ಮೇಲೆ ಕೂತವನನ್ನು ಬೈಯಬೇಕು.

ಅಪ್ಪನ ಹಿಂದೆ ನಮ್ಮ ಬೀದಿಯವರೇ ಕಲ್ಲು, ಮಣ್ಣು ತಂದು ಸುರಿದರು. ನೀರು ಎಳನೀರು ಇದ್ದಂಗಿದೆ ಎಂದಿದ್ದ ಪಕ್ಕದ ಮನೆ ಚಿಕ್ಕಮ್ಮ ಒಂದು ದೊಡ್ಡ ಕಲ್ಲನ್ನೇ ಸೊಂಟದ ಮೇಲೆ ಹೊತ್ತು ತಂದಳು. ಅದು ನೀರಿಗೆ ಬಿದ್ದು ‘ಗುಳುಂ’ ಎಂದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಕ್ಕ ಅಳಲಿಲ್ಲ. ಗೋಡೆಗೆ ಒರಗಿ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ ನಿಂತಿದ್ದಳು. ನಾಳೆಯಿಂದ ಮತ್ತೆ ಕೊಟ್ಟಿಗೆ.

ಮಧ್ಯಾಹ್ನ ಭದ್ರಾವತಿಯಿಂದ ಮಾವ ಬಂದ. ಅವ್ವನ ತಮ್ಮ. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ಬಸುರಿ ಅವ್ವನಿಗೆ ಏನಾಯಿತೋ ಎಂದು ಹೆದರಿ, ಪಾಳಿ ಮುಗಿಸಿ ಹಾಗೇ ರೈಲು ಹತ್ತಿದ್ದ. ಮುಖದ ಮಸಿ ಕೂಡ ತೊಳೆದಿರಲಿಲ್ಲ. ಅಂಗಳದಲ್ಲಿ ಸೇರಿದ್ದ ಜನರನ್ನು ನೋಡಿ, ‘ಇಲ್ಲೂ ನಡುಗ್ತಾ ಭಾವ? ನಮ್ಮಲ್ಲಿ ಏನು ಕುಣಿತ ಅಂತೀರ! ಟೀ ಲೋಟ ಎಲ್ಲ ಉರುಳಿ ಬಿದ್ವು. ನನ್ನ ಪಕ್ಕದ ತಮಿಳಿನವನು ‘ಅಯ್ಯಯ್ಯೋ, ಫರ್ನೇಸು ಪೋಚ್ಚು’ ಅಂತ ಕಿರುಚ್ಕಂಡು ಗೇಟಿನ ಹೊರಗೆ ಓಡ್ದ. ಕುಲುಮೆ ಸಿಡೀತು ಅಂತ ಎಲ್ರೂ ಓಡಿದ್ವಿ. ನೋಡಿದ್ರೆ ಕುಲುಮೆಗೆ ಏನೂ ಆಗಿಲ್ಲ’ ಎಂದ. ಶಿವಮೊಗ್ಗದ ಸ್ಟೇಷನ್ನಿನಲ್ಲಿ ಕುಂಸಿಯಿಂದ ಬಂದವರೊಬ್ಬರು ಸಿಕ್ಕಿದ್ದರಂತೆ. ಅಲ್ಲಿಯೂ ನಡುಗಿತ್ತಂತೆ. ಅಲ್ಲಿನ ಜನ ಗಣಿಯಲ್ಲಿ ಬಂಡೆಗೆ ಮದ್ದು ಜಾಸ್ತಿ ಇಟ್ಟರು ಎಂದು ಬೈಯುತ್ತಿದ್ದರಂತೆ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಭದ್ರಾವತಿಯಲ್ಲಿ ಕುಲುಮೆ, ಕುಂಸಿಯಲ್ಲಿ ಗಣಿ, ಇಲ್ಲಿ ನಮ್ಮಪ್ಪ! ಅವರವರ ಕಣ್ಣಿಗೆ ಹತ್ತಿರ ಕಂಡದ್ದನ್ನು ಅವರವರು ಬೈದಿದ್ದರು. ನಡುಗಿದ್ದು ಮಾತ್ರ ಒಂದೇ ಭೂಮಿ, ಒಂದೇ ಹೊತ್ತಿಗೆ. ಇಷ್ಟು ಸಣ್ಣ ಬಾವಿ ರೈಲಿನಲ್ಲಿ ಹೋಗಬೇಕಾದಷ್ಟು ದೂರವನ್ನು ನಡುಗಿಸುತ್ತದೆಯೇ? ನನಗೇ ಗೊತ್ತಾಯಿತು. ಇನ್ನು ದೊಡ್ಡವರಿಗೆ ಗೊತ್ತಾಗದೆ ಇರುತ್ತದೆಯೇ?

ಮಾವನೂ ಅದನ್ನೇ ಕೇಳಿದ. ‘ಯಜಮಾನ್ರೇ, ಭಾವ ಇಲ್ಲಿ ತೋಡಿದ್ರೆ ಭದ್ರಾವತಿ ಯಾಕೆ ನಡುಗ್ಬೇಕು?’

ಯಜಮಾನರು ಎಲೆಗೆ ಸುಣ್ಣ ಸವರುತ್ತಿದ್ದರು. ಸವರಿ ಮುಗಿಸಿ, ಮಡಚಿ, ಬಾಯಿಗೆ ಹಾಕಿಕೊಂಡು, ಅಗಿದು, ಆಮೇಲೆ ಹೇಳಿದರು: ‘ಕೇಳಿದ್ರಲ್ಲ ಎಲ್ಲರೂ? ಭದ್ರಾವತಿವರ್ಗೂ ನಡುಗಿಸಿದಾನೆ! ಎಂಥಾ ಜಾಗಕ್ಕೆ ಹಾರೆ ಹಾಕಿರ್ಬೇಕು ಇವನು? ಬೇಗ ಬೇಗ ಮುಚ್ರೋ!’

ಜನ ಇನ್ನೂ ಜೋರಾಗಿ ಮಣ್ಣು ಸುರಿದರು. ಸತ್ಯ ಹೇಳಿದರೆ ಸಾಕು, ಜನ ಒಪ್ಪುತ್ತಾರೆ ಎಂದು ನಾನು ನಂಬಿದ್ದದ್ದು ಆವತ್ತಿಗೆ ಮುಗಿಯಿತು. ಬೇಕಿಲ್ಲದವನ ಕೈಗೆ ಸತ್ಯ ಕೊಟ್ಟರೆ ಅದನ್ನೇ ತಿರುಗಿಸಿ ನಿನ್ನ ತಲೆಗೆ ಹೊಡೆಯುತ್ತಾನೆ.

ಹೊತ್ತು ಇಳಿಯುವಾಗ ನೀರು ಕಾಣದಷ್ಟು ಬಾವಿ ತುಂಬಿತ್ತು. ಪೂರ್ತಿ ತುಂಬಲು ಆ ಜನಕ್ಕೆ ಶಕ್ತಿ ಇರಲಿಲ್ಲ, ಬೆಳಗಿನಿಂದ ಯಾರೂ ಗಂಜಿ ಕುಡಿದಿರಲಿಲ್ಲ. ಯಜಮಾನರು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು, ‘ಇನ್ನು ಭಯ ಇಲ್ಲ. ನೆಮ್ಮದಿಯಾಗಿ ಮನೆಗೆ ಹೋಗ್ರಿ’ ಎಂದರು.

ಆ ಮಾತು ಬಾಯಲ್ಲಿರುವಾಗಲೇ ನೆಲ ಮತ್ತೆ ಗುರ್ ಎಂದಿತು.

ಬೆಳಗಿನಷ್ಟು ಜೋರಿಲ್ಲ. ಆದರೂ ಕಾಲಿನ ಅಡಿಗೆ ಚೆನ್ನಾಗಿ ತಿಳಿಯಿತು. ಯಜಮಾನರು ಎದ್ದ ರಭಸಕ್ಕೆ ಅಡಿಕೆ ಚೀಲ ಚೆಲ್ಲಿತು, ಒಂದು ಚಪ್ಪಲಿ ಕಲ್ಲಿನ ಹತ್ತಿರವೇ ಉಳಿಯಿತು. ಒಂಟಿ ಚಪ್ಪಲಿಯಲ್ಲಿ ಬಯಲಿಗೆ ಓಡಿದರು. ದೊಡ್ಡಮನೆಯ ಹೆಂಗಸರು, ಆಳುಗಳು ಎಲ್ಲರೂ ಮನೆ ಬಿಟ್ಟು ಬಯಲಿಗೆ ಬಂದು ನಿಂತರು. ನಾವೂ ನಿಂತೆವು.

ಎಲ್ಲರೂ ಯಜಮಾನರ ಮುಖ ನೋಡಿದರು. ಬಾವಿ ಮುಚ್ಚಿ ಆಗಿದೆ, ಈಗ ಯಾಕೆ ನಡುಗಿತು? ಅವರು ಉಸಿರು ಎಳೆದುಕೊಂಡು, ‘ಹೆದರ್ಬೇಡಿ. ಗಾಯ ಮುಚ್ತಲ್ಲ, ಭೂಮ್ತಾಯಿ ನಿಟ್ಟುಸಿರು ಬಿಟ್ಳು’ ಎಂದರು. ಒಬ್ಬಿಬ್ಬರು ಅದಕ್ಕೂ ಕೈ ಮುಗಿದರು. ನೋಡಿ ಮಕ್ಕಳೇ, ನಡುಗಿದರೂ ಅವರೇ ಸರಿ, ನಡುಗದಿದ್ದರೂ ಅವರೇ ಸರಿ.

ಅಷ್ಟು ಹೊತ್ತಿಗೆ ಅಕ್ಕ ನನ್ನ ಪಕ್ಕದಲ್ಲಿ ಇರಲಿಲ್ಲ. ಎಲ್ಲರೂ ಬಯಲಿನಲ್ಲಿರುವಾಗ ದೊಡ್ಡಮನೆಯ ಹಿತ್ತಲ ಬಾಗಿಲು ತೆರೆದೇ ಇತ್ತು. ರಾಟೆ ಕಿರ್ ಕಿರ್ ಎನ್ನುವ ಸದ್ದು ಕೇಳಿತು. ದೊಡ್ಡಮನೆಯ ಹೆಂಗಸರೊಬ್ಬರು, ‘ಅಯ್ಯೋ, ಹಗ್ಗ ಮುಟ್ಟಿದಾಳೆ!’ ಎಂದು ಕೂಗಿದರು. ಅಕ್ಕ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಅವಸರವಿಲ್ಲದೆ, ಬಯಲಿಗೆ ನಡೆದು ಬಂದಳು. ಯಜಮಾನರ ಮುಂದೆ ನಿಂತು ಕೊಡವನ್ನು ನೆಲಕ್ಕೆ ಬಗ್ಗಿಸಿದಳು.

ಕೆಂಪು ನೀರು. ನಮ್ಮ ಬಾವಿಯದಕ್ಕಿಂತ ಕೆಂಪು.

ಬೆಳಿಗ್ಗೆಯಿಂದ ಆ ಹಿತ್ತಲ ಬಾಗಿಲು ಯಾಕೆ ಮುಚ್ಚಿತ್ತು ಎಂದು ಆಗ ಬೀದಿಗೆಲ್ಲ ತಿಳಿಯಿತು. ಯಜಮಾನರು ತಮ್ಮ ಬಾವಿಯನ್ನು ಮೊದಲು ನೋಡಿಕೊಂಡೇ ನಮ್ಮ ಬಾವಿಗೆ ಬಂದಿದ್ದರು.

ಅಕ್ಕ ಮೆಲ್ಲಗೆ ಕೇಳಿದಳು. ‘ನಮ್ ಬಾವಿ ಮುಚ್ಚಿದ್ರಿ, ಆದ್ರೂ ನಡುಗ್ತು. ಇನ್ನು ಉಳಿದಿರೋದು ನಿಮ್ದೊಂದೇ ಅಯ್ಯ. ಇದರಲ್ಲೂ ರಕ್ತ ಬಂದಿದೆ. ಇದನ್ನೂ ಮುಚ್ಚಣ್ವಾ? ಕಲ್ಲು ಮಣ್ಣು ಇನ್ನೂ ಇದೆ, ಜನಾನೂ ಇಲ್ಲೇ ಇದಾರೆ.’

ಯಾರೋ ಕಿಸಕ್ಕೆಂದರು. ನೋಡಿದರೆ ದೊಡ್ಡ ಕಲ್ಲು ಹೊತ್ತು ತಂದಿದ್ದ ಪಕ್ಕದ ಮನೆ ಚಿಕ್ಕಮ್ಮ. ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಒಬ್ಬರು ನಕ್ಕ ಮೇಲೆ ಇನ್ನೊಬ್ಬರು ನಕ್ಕರು. ಯಜಮಾನರು ಒಂಟಿ ಚಪ್ಪಲಿಯಲ್ಲಿ ಮನೆಗೆ ಹೋದರು. ಇನ್ನೊಂದು ಚಪ್ಪಲಿ ಕೇಳಲೂ ಬರಲಿಲ್ಲ.

ಮಾರನೆಯ ದಿನ ಅಪ್ಪ ಬಾವಿಯಿಂದ ಕಲ್ಲು ತೆಗೆಯಲು ಶುರು ಮಾಡಿದ. ಯಾರೂ ಅಡ್ಡ ಬರಲಿಲ್ಲ. ಸಹಾಯಕ್ಕೂ ಬರಲಿಲ್ಲ. ಮುಚ್ಚಲು ಬೀದಿ ತುಂಬ ಜನ, ತೆಗೆಯಲು ನಾವು ಮೂವರೇ. ಜನ ಎಂದರೆ ಹೀಗೆ, ಅದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ನೀರು ತಿಳಿಯಾಯಿತು. ಅವ್ವ ಹೆತ್ತಾಗ ನನ್ನ ತಮ್ಮನ ಮೈಗೆ ಬಿದ್ದದ್ದು ಅದೇ ಬಾವಿಯ ನೀರು. ಅಕ್ಕ ಮತ್ತೆ ಯಾವತ್ತೂ ಆ ಕೊಟ್ಟಿಗೆಗೆ ಕಾಲಿಡಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ, ಮೊಮ್ಮಕ್ಕಳೇ. ಮೊನ್ನೆ ಗೋಪಾಳ ಬಡಾವಣೆಯ ಈ ಮನೆಯಲ್ಲಿ ಶೋಕೇಸಿನ ಗಾಜು ಗಲಗಲ ಎಂದಿತು, ಫ್ಯಾನು ನಮ್ಮ ಹಳೆಯ ನೆಲುವಿನ ಹಾಗೆ ತೂಗಿತು. ನೀವು ಡೈನಿಂಗ್ ಟೇಬಲ್ಲಿನ ಅಡಿಗೆ ನುಗ್ಗಿದಿರಿ. ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರಂತೆ, ಒಳ್ಳೆಯದು. ಸ್ವಲ್ಪ ಹೊತ್ತಿಗೆಲ್ಲ ಟಿವಿಯಲ್ಲಿ ಸುದ್ದಿ ಬಂತು. ಸಣ್ಣ ನಡುಕ, ಭಯ ಬೇಡ ಎಂದರು. ಮೊಮ್ಮಗಳು ತನ್ನ ವಿಜ್ಞಾನದ ಪುಸ್ತಕ ತಂದು ನನಗೆ ಓದಿ ಹೇಳಿದಳು. ಭೂಮಿಯ ಒಳಗೆ ಬಂಡೆಗಳು ಒಂದನ್ನೊಂದು ಒತ್ತಿಕೊಂಡಿರುತ್ತವಂತೆ. ತುಂಬ ವರ್ಷ ಒತ್ತಿ ಒತ್ತಿ, ಹಳೆಯ ಬಿರುಕು ಇದ್ದ ಕಡೆ ಎಲ್ಲೋ ಒಂದಿಷ್ಟು ಜಾರುತ್ತವಂತೆ. ಆ ಜಾರಿದ ಪೆಟ್ಟು ದೂರದವರೆಗೂ ಬರುತ್ತದಂತೆ. ಒಂದು ಸಲ ಜಾರಿದ ಮೇಲೆ ಹೊಂದಿಕೊಳ್ಳುವಾಗ ಮತ್ತೆ ಸಣ್ಣದಾಗಿ ನಡುಗುವುದೂ ಉಂಟಂತೆ. ಬಾವಿಯ ನೀರು ಕದಡುವುದೂ ಉಂಟಂತೆ. ಇದೆಲ್ಲ ನಡೆಯುವುದು ಮನುಷ್ಯನ ಹಾರೆ ಕನಸಿನಲ್ಲೂ ತಲುಪದಷ್ಟು ಆಳದಲ್ಲಿ. ನಮ್ಮಪ್ಪನ ಬಾವಿ ಅದರ ಮುಂದೆ ಆನೆಯ ಮೈಮೇಲೆ ಇರುವೆ ಹರಿದಷ್ಟು. ಈ ಪಾಠ ಕೇಳಿ ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಇಷ್ಟು ಸುಲಭದ ಮಾತನ್ನು ಹೇಳುವವರು ಆವತ್ತು ನಮ್ಮ ಬೀದಿಗೆ ಒಬ್ಬರೂ ಇರಲಿಲ್ಲವಲ್ಲ!

ನಮಗೆ ಪುಸ್ತಕ ಇರಲಿಲ್ಲ, ಟಿವಿ ಇರಲಿಲ್ಲ, ಮೇಷ್ಟ್ರು ನಮ್ಮ ಬೀದಿಗೆ ಬರುತ್ತಿರಲಿಲ್ಲ. ನಿಮಗೆ ಮೂರೂ ಇವೆ. ನಲ್ಲಿ ತಿರುಗಿಸಿದರೆ ನೀರು, ಯಾರ ಕೊಟ್ಟಿಗೆಯನ್ನೂ ಗುಡಿಸಬೇಕಾಗಿಲ್ಲ. ಹಾಗಿದ್ದೂ ನೆನ್ನೆ ಸಂಜೆ ಆಟ ಮುಗಿಸಿ ಬಂದವರು ನನಗೆ ಏನೆಂದಿರಿ? ‘ಅಜ್ಜಿ, ಹಿಂದಿನ ಕ್ರಾಸ್‌ನಲ್ಲಿ ಹೂ ಮಾರೋರ ಮನೇಲಿ ಬೋರ್‌ವೆಲ್ ಕೊರೆಸಿದ್ರಂತೆ, ಅದಕ್ಕೇ ಭೂಮಿ ನಡುಗಿದ್ದಂತೆ. ಮೂಲೆಯ ಮಹಡಿ ಮನೆ ಅಂಕಲ್ ಎಲ್ಲರಿಗೂ ಹೇಳ್ತಿದಾರೆ. ಕಂಪ್ಲೇಂಟ್ ಕೊಡ್ತಾರಂತೆ.’ ಅಷ್ಟು ಹೇಳಿ, ಕೈಕಾಲು ತೊಳೆದು ಊಟಕ್ಕೆ ಕೂತಿರಿ. ವಿಜ್ಞಾನದ ಪುಸ್ತಕ ನಿಮ್ಮ ಪಕ್ಕದಲ್ಲೇ ಬಿದ್ದಿತ್ತು.

ನಾನು ಈ ಕಾಗದ ಹಿಡಿದು ಕೂತದ್ದು ಅದಕ್ಕೇ. ಮೂಲೆಯ ಮಹಡಿ ಮನೆಯಲ್ಲಿ ಬೋರ್‌ವೆಲ್ ಇಲ್ಲವೇ? ಅದು ಹೂ ಮಾರುವವರದಕ್ಕಿಂತ ಆಳವೋ, ಕಡಿಮೆಯೋ? ಇದನ್ನು ಓದಿದ ಮೇಲೆ ಹೋಗಿ ಕೇಳಿ ಬನ್ನಿ. ಹೂ ಮಾರುವ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಎದುರಿಗೇ ಕೇಳಿ.

ಊಟ ಬಡಿಸುವುದು ಆಮೇಲೆ.